ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಜಯನಗರದಲ್ಲಿ: ಫೈನಾನ್ಸ್ ಕೆಲಸಕ್ಕೆ ಯಾವ ಊರು?

ನಾಲ್ಕನೇ_ಬ್ಲಾಕ್:
ನಾನು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಮೂರು ವರ್ಷದವನಿದ್ದಾಗ ಅಪ್ಪ ಅಮ್ಮ ವಾಪಸ್ ಬಂದರು. ಓದಿ ಬೆಳೆದದ್ದೆಲ್ಲ ಜಯನಗರದಲ್ಲೇ. ಪಾಸ್‌ಪೋರ್ಟ್ ಅಮೆರಿಕದ್ದು, ಜೊತೆಗೆ ಒಸಿಐ ಕಾರ್ಡ್ ಇದೆ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆ ಇಲ್ಲಿ ಇರಲು ಕೊಡುವ ಕಾರ್ಡ್. ಈಗ ವಯಸ್ಸು 25. ಸಿಎಫ್‌ಎ (ಹೂಡಿಕೆ ಕ್ಷೇತ್ರದ ಪರೀಕ್ಷೆ) ಎರಡನೇ ಲೆವೆಲ್ ಮುಗಿದಿದೆ, ಔಟರ್ ರಿಂಗ್ ರೋಡಿನ ಒಂದು ಬ್ಯಾಂಕ್ ಆಫೀಸಿನ ರಿಸ್ಕ್ ಟೀಮಿನಲ್ಲಿದ್ದೇನೆ. ಸಿಂಗಾಪುರ, ದುಬೈ, ಲಂಡನ್ ಮೂರೂ ಕಡೆ ಅರ್ಜಿ ಹಾಕಬೇಕು ಅಂತಿದ್ದೇನೆ.

ಮೊನ್ನೆ ಹೊಸ ಮ್ಯೂಚುವಲ್ ಫಂಡಿಗೆ ಅರ್ಜಿ ತುಂಬುವಾಗ ಅಮೆರಿಕದ ಪ್ರಜೆಯೇ ಅಂತ ಕೇಳಿತು. ಹೌದು ಅಂತ ಒತ್ತಿದೆ. ಅರ್ಜಿ ಅಲ್ಲೇ ನಿಂತಿತು, ಅಮೆರಿಕದ ತೆರಿಗೆ ನಿಯಮದ ಕಾರಣಕ್ಕಂತೆ. ಆ ದೇಶದಲ್ಲಿ ಒಂದು ದಿನವೂ ದುಡಿದವನಲ್ಲ ನಾನು. ಅಲ್ಲಿನ ತೆರಿಗೆಗೂ ನನಗೂ ಏನು ಸಂಬಂಧ? ಇದು ಕೆಲಸಕ್ಕೂ ಅಡ್ಡ ಬರುತ್ತಾ?

ಮಲ್ಲೇಶ್ವರದ_ಅಕ್ಕ:
ನನ್ನದೂ ಇದೇ ಕಥೆ. ಹುಟ್ಟಿದ್ದು ಹ್ಯೂಸ್ಟನ್, ಬುದ್ಧಿ ಬಂದಾಗಿನಿಂದ ಮಲ್ಲೇಶ್ವರ. ಹನ್ನೊಂದು ವರ್ಷದಿಂದ ಟ್ರೆಷರಿ ಕೆಲಸ (ಕಂಪನಿಯ ಹಣ, ಖಾತೆ ನೋಡಿಕೊಳ್ಳುವುದು), ಅದರಲ್ಲಿ ನಾಲ್ಕು ವರ್ಷ ಸಿಂಗಾಪುರ. ಊರು ಯಾವುದು ಅಂತ ಆಮೇಲೆ ನೋಡೋಣ. ಮೊದಲು ಹಳೇ ಲೆಕ್ಕ ಸರಿಮಾಡಿಕೋ.

ಅಮೆರಿಕ ತನ್ನ ಪ್ರಜೆ ಎಲ್ಲಿ ದುಡಿದರೂ ಲೆಕ್ಕ ಕೇಳುತ್ತದೆ. ಇಲ್ಲಿ ಕಟ್ಟಿದ ಟ್ಯಾಕ್ಸನ್ನು ಫಾರ್ಮ್ 1116ರಲ್ಲಿ ತೋರಿಸಿದರೆ ಸಂಬಳದ ಮೇಲೆ ಅಲ್ಲಿ ಕಟ್ಟಬೇಕಾದ್ದು ಎಷ್ಟೋ ಸಲ ಸೊನ್ನೆ. ಆದರೆ ರಿಟರ್ನ್ ತಪ್ಪುವುದಿಲ್ಲ.

ಇನ್ನೊಂದು ಎಫ್‌ಬಿಎಆರ್, ಅಂದರೆ ಹೊರದೇಶದ ಖಾತೆಗಳ ವಿವರ ಅಮೆರಿಕಕ್ಕೆ ಕೊಡುವ ವರದಿ. ಅಮೆರಿಕದ ಹೊರಗಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಬರೆದುಕೊಡಬೇಕು. ನನ್ನ ಸಂಬಳದ ಖಾತೆಯಲ್ಲಿ ಅಷ್ಟು ಇರಲಿಲ್ಲ, ಸುಮ್ನೆ ಇದ್ದೆ. ಒಂದು ದಿನ ಅಜ್ಜಿ ದೇವರ ಮನೆಯ ಬೀರುವಿನಿಂದ ಹಳದಿ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಎಫ್‌ಡಿ ರಸೀದಿ, ಅದರ ಮೇಲೆ ಎರಡನೇ ಹೆಸರು ನನ್ನದು! ಅದೂ ಲೆಕ್ಕಕ್ಕೆ ಬಂತು.

ಕೆಲಸಕ್ಕೆ ಅಡ್ಡ ಬರುವುದು ಸಹಿ. ಕಂಪನಿಯ ಖಾತೆಗೆ ಸಹಿ ಹಾಕುವ ಅಧಿಕಾರ ಇದ್ದರೆ, ಅದರಲ್ಲಿ ನಿನ್ನದು ಒಂದು ರೂಪಾಯಿ ಇಲ್ಲದಿದ್ದರೂ ಸಾಮಾನ್ಯವಾಗಿ ನೀನೇ ಎಫ್‌ಬಿಎಆರ್‌ನಲ್ಲಿ ಹೇಳಬೇಕು. ಸಿಂಗಾಪುರದಲ್ಲಿ ಇದೇ ಕಾರಣಕ್ಕೆ ನನ್ನನ್ನು ಸಹಿ ಪಟ್ಟಿಗೆ ಸೇರಿಸಲಿಲ್ಲ. ಟ್ರೆಷರಿಯಲ್ಲಿ ಸಹಿ ಇಲ್ಲ ಅಂದರೆ ಅರ್ಧ ಕೆಲಸ ಇಲ್ಲ. ತುಂಬಾ ನೋವಾಯಿತು. ಈಗ ಮೊದಲ ಇಂಟರ್‌ವ್ಯೂನಲ್ಲೇ ಹೇಳಿಬಿಡುತ್ತೇನೆ. ನೀನೂ ಹೇಳು.

ಹಳೇ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ಕಟ್ಟುವ ಕಂತು) ಏನಾದರೂ ಇದೆಯಾ?

ನಾಲ್ಕನೇ_ಬ್ಲಾಕ್:
ಇದೆ ಅಕ್ಕ, ಎರಡು ಫಂಡಿನಲ್ಲಿ. ರಿಟರ್ನ್ ಮಾತ್ರ ಒಂದು ಸಲವೂ ಹಾಕಿಲ್ಲ.

ಗಾಂಧಿಬಜಾರ್_ಸಿಎ:
ಹೊಸ ಕಂತು ನಿಲ್ಲಿಸಿ. ಭಾರತದ ಮ್ಯೂಚುವಲ್ ಫಂಡ್ ಅಮೆರಿಕದ ತೆರಿಗೆ ಇಲಾಖೆಯ ಕಣ್ಣಿಗೆ ಪಿಎಫ್‌ಐಸಿ, ಅಂದರೆ ಬರೀ ಹೂಡಿಕೆಯಿಂದ ಗಳಿಸುವ ವಿದೇಶಿ ಕಂಪನಿ. ಮಾರಿ ಲಾಭ ಬಂದರೆ ಪ್ರತಿ ಫಂಡಿಗೂ ಒಂದೊಂದು ಫಾರ್ಮ್ 8621. ಮೊದಲೇ ಬೇರೆ ದಾರಿ ಆರಿಸಿಕೊಳ್ಳದಿದ್ದರೆ ಲಾಭದ ಬಹುಪಾಲಿಗೆ ಅತಿ ಹೆಚ್ಚಿನ ದರ, ಮೇಲೆ ಬಡ್ಡಿ. ಕೂಡಲೇ ಮಾರಬೇಡಿ, ಲೆಕ್ಕ ಹಾಕಿಸಿ.

ರಿಟರ್ನ್ ಹಾಕಿಲ್ಲ ಅಂತ ಹೆದರಬೇಡಿ. ಗೊತ್ತಿಲ್ಲದೆ ಬಿಟ್ಟವರಿಗೆ ಸ್ಟ್ರೀಮ್‌ಲೈನ್ಡ್ ಅನ್ನುವ ದಾರಿ ಇದೆ. 3 ವರ್ಷದ ರಿಟರ್ನ್, 6 ವರ್ಷದ ಎಫ್‌ಬಿಎಆರ್, ಜೊತೆಗೆ ಏಕೆ ಬಿಟ್ಟೆ ಅಂತ ವಿವರಣೆ. ಅಮೆರಿಕದ ಹೊರಗೇ ಇರುವವರಿಗೆ ಅದರಲ್ಲಿ ದಂಡ ಇಲ್ಲ. ಅಮೆರಿಕದ ತೆರಿಗೆ ಇಲಾಖೆಯವರೇ ನೋಟಿಸ್ ಕಳಿಸಿ ತನಿಖೆ ಶುರುಮಾಡಿದರೆ ಆ ಬಾಗಿಲು ಮುಚ್ಚುತ್ತದೆ.

ಊರಿನ ವಿಷಯ. ದುಬೈನಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ ಅಂತ ಎಲ್ಲರೂ ಓಡುತ್ತಾರೆ. ಅಮೆರಿಕದವರಿಗೆ 2025ರಲ್ಲಿ ವಿನಾಯಿತಿ ಇದ್ದದ್ದು 130,000 ಡಾಲರ್ ದುಡಿಮೆವರೆಗೆ. ಅದರ ಮೇಲೆ ಅಮೆರಿಕಕ್ಕೆ ಕಟ್ಟಬೇಕು. ಸಿಂಗಾಪುರದ ದರ ಕಡಿಮೆ, ಹಾಗಾಗಿ ವ್ಯತ್ಯಾಸ ಅಮೆರಿಕಕ್ಕೆ ಕಟ್ಟಬೇಕಾಗಬಹುದು; ಅಮೆರಿಕದ ಜೊತೆ ತೆರಿಗೆ ಒಪ್ಪಂದವೂ ಇಲ್ಲ. ಲಂಡನ್ನಿನಲ್ಲಿ ಟ್ಯಾಕ್ಸ್ ಜಾಸ್ತಿ, ಆದ್ದರಿಂದ ಅಮೆರಿಕಕ್ಕೆ ಉಳಿಯುವುದು ಕಡಿಮೆ.

ನಾಲ್ಕನೇ_ಬ್ಲಾಕ್:
ರಾತ್ರಿ ಅಮ್ಮನ ಜೊತೆ ಕೂತು ಪಾಸ್‌ಬುಕ್ ಎಲ್ಲ ತೆಗೆದೆ. ಏಳು ಖಾತೆ. ಮೂರರಲ್ಲಿ ನಾನು ಜಂಟಿ, ನನಗೇ ಗೊತ್ತಿರಲಿಲ್ಲ. ಎಲ್ಲ ಸೇರಿ 14 ಲಕ್ಷ.

ಮಲ್ಲೇಶ್ವರದ_ಅಕ್ಕ:
ಹಾಗಾದರೆ ದಾಟಿದೆ. ಪ್ರತಿ ಖಾತೆಯಲ್ಲೂ ಆ ವರ್ಷ ಇದ್ದ ಅತಿ ಹೆಚ್ಚಿನ ಮೊತ್ತ ಬರೆದಿಡು. ಡಾಲರ್ ಲೆಕ್ಕಕ್ಕೆ ಅಮೆರಿಕದ ಖಜಾನೆಯ ಡಿಸೆಂಬರ್ 31ರ ದರ ತಗೋ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ, ಹಳೇ ಖಾತೆಗಳು ಅವರಿಗೇ ನೆನಪಿರುತ್ತವೆ.