ವಾಲಿದ ಚಕ್ರ, ಅರ್ಧ ಕಪ್ಪಾದ ಫೋಟೋ

ದೊಡ್ಡಮಾವ: (ಫಾರ್ವರ್ಡ್ ಮಾಡಿದ ಚಿತ್ರ) ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಛಾಯಾಗ್ರಾಹಕ ಲಾರ್ಟಿಗ್ ತೆಗೆದ ರೇಸ್ ಕಾರು. ಚಕ್ರ ನೋಡಿ, ಮುಂದಕ್ಕೆ ವಾಲಿದೆ. ಆ ವೇಗಕ್ಕೆ ಚಕ್ರವೇ ಬಗ್ಗಿಹೋಯ್ತಂತೆ!

ನಾನು: ಮಾವ, ಚಿತ್ರ ನಿಜ, ಕೆಳಗೆ ಬರೆದಿರೋದು ತಪ್ಪು. ಚಕ್ರ ಬಗ್ಗಿಲ್ಲ. ಆ ಕ್ಯಾಮೆರಾದ ಶಟರ್ ನೆಲದ ಹತ್ತಿರದ ಭಾಗವನ್ನ ಮೊದಲು ಹಿಡಿದಿದೆ, ಮೇಲಿನದನ್ನ ಆಮೇಲೆ. ಅಷ್ಟರಲ್ಲಿ ಕಾರು ಮುಂದೆ ಹೋಗಿದೆ.

ದೊಡ್ಡಮಾವ: ಮೊದಲು, ಆಮೇಲೆ ಅಂದ್ರೆ? ಶಟರ್ ಅಂದ್ರೆ ಬಾಗಿಲು ಕಣೋ. 1/1000 ಇಟ್ಟರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದು ಮುಚ್ಚುತ್ತೆ. 40 ವರ್ಷ ಕ್ಯಾಮೆರಾ ಹಿಡಿದವನು ನಾನು.

ಭಾವ: ಮಾವ ಹೇಳೋದೇ ಸರಿ ಅನ್ಸುತ್ತೆ.

ನಾನು: ಈಚಿನ ಫಿಲ್ಮ್ ಕ್ಯಾಮೆರಾಗಳಲ್ಲಿ ಇಂಥ ಶಟರಿಗೆ ಫಿಲ್ಮಿನ ಮುಂದೆ ಎರಡು ಪರದೆ ಇರುತ್ತೆ. ಮೊದಲನೆಯದು ಸರಿದು ಬೆಳಕು ಬಿಡುತ್ತೆ, ಎರಡನೆಯದು ಹಿಂದೆಯೇ ಓಡಿಬಂದು ಮುಚ್ಚುತ್ತೆ. ಪರದೆ ಓಡೋ ವೇಗ ಬದಲಾಗಲ್ಲ. ಡಯಲ್ ತಿರುಗಿಸಿದಾಗ ಬದಲಾಗೋದು, ಎರಡನೆಯದು ಎಷ್ಟು ತಡವಾಗಿ ಹೊರಡುತ್ತೆ ಅನ್ನೋದು. ಬಟ್ಟೆ ಪರದೆಗೆ 36 ಮಿ.ಮೀ. ಫ್ರೇಮ್ ದಾಟೋಕೆ ಸುಮಾರು 1/60 ಸೆಕೆಂಡ್ ಬೇಕು. 1/1000 ಇಟ್ಟರೆ ಮೊದಲನೆಯದು 2 ಮಿ.ಮೀ. ಚಿಲ್ಲರೆ ಹೋಗೋಷ್ಟರಲ್ಲಿ ಎರಡನೆಯದು ಹೊರಟಿರುತ್ತೆ. ಪೂರ್ತಿ ಫ್ರೇಮ್ ಒಟ್ಟಿಗೆ ತೆರೆಯೋದೇ ಇಲ್ಲ ಮಾವ, ಸಣ್ಣ ಸಂದೊಂದು ಓಡುತ್ತೆ.

ದೊಡ್ಡಮಾವ: ಲೆಕ್ಕ ಬೇಡ, ಸಾಕ್ಷಿ ಕೊಡು.

ಅಕ್ಕ: (ಫೋಟೋ) ಇದು ಇವರು ಫ್ಲ್ಯಾಶ್ ಹಾಕಿ ತೆಗೆದದ್ದು. ಕೆಳಗಿನರ್ಧ ಕಪ್ಪು. ತೊಳೆಯೋವಾಗ ಫಿಲ್ಮ್ ಹಾಳು ಮಾಡಿದ್ರು ಅಂತ ಲ್ಯಾಬ್‌ನವರ ಜೊತೆ ಜಗಳ ಆಡಿದ್ರು.

ನಾನು: ಭಾವ, ಎಷ್ಟಕ್ಕೆ ಇಟ್ಟಿದ್ರಿ?

ಭಾವ: 250, ಅಂದ್ರೆ 1/250. ಡಯಲ್‌ನಲ್ಲಿ 125 ಮಾತ್ರ ಕೆಂಪಲ್ಲಿದೆ, ಯಾಕೋ ಗೊತ್ತಿಲ್ಲ.

ನಾನು: ಪೂರ್ತಿ ಫ್ರೇಮ್ ತೆರೆದು ನಿಲ್ಲೋದು ಆ ಕೆಂಪು ಅಂಕಿವರೆಗೆ ಮಾತ್ರ. ಮೊದಲ ಪರದೆ ಕೊನೆ ಮುಟ್ಟಿದ ಕೂಡಲೇ ಫ್ಲ್ಯಾಶ್ ಮಿಂಚುತ್ತೆ. 250ರಲ್ಲಿ ಆ ಹೊತ್ತಿಗೆ ಎರಡನೆಯದು ಅರ್ಧ ದಾರಿ ಬಂದಿತ್ತು. ಲ್ಯಾಬ್‌ನವರದ್ದು ತಪ್ಪಿಲ್ಲ.

ದೊಡ್ಡಮಾವ: ನನ್ನ ಕ್ಯಾಮೆರಾದಲ್ಲಿ 1/500ಕ್ಕೂ ಫ್ಲ್ಯಾಶ್ ಚೆನ್ನಾಗಿ ಬರ್ತಿತ್ತು. ಅದಕ್ಕೇನಂತೀಯ?

ನಾನು: ನಿಮ್ಮದು ಲೀಫ್ ಶಟರ್ ಮಾವ, ಲೆನ್ಸಿನೊಳಗೇ ಇರುತ್ತೆ. ತೆಳು ಲೋಹದ ಎಲೆಗಳು ನಡುವಿನಿಂದ ತೆರೆಯುತ್ತವೆ, ಬೆಳಕು ಇಡೀ ಫ್ರೇಮಿಗೆ ಒಟ್ಟಿಗೆ ಬೀಳುತ್ತೆ. ನೀವು ಬಾಗಿಲು ಅಂದದ್ದು ಅಲ್ಲಿ ಸರಿ. ಆದರೆ ಅದೇ ಎಲೆ ತೆರೆದು, ನಿಂತು, ವಾಪಸ್ ಬರಬೇಕಲ್ಲ, ಅದಕ್ಕೇ 1/500 ದಾಟೋದು ಕಷ್ಟ. ಪರದೆ ಶಟರಿನ ಕ್ಯಾಮೆರಾಗಳಲ್ಲಿ 1982ರ ನಿಕಾನ್ ಎಫ್‌ಎಂ2 ಮೇಲಿಂದ ಕೆಳಗೆ 24 ಮಿ.ಮೀ. ಮಾತ್ರ ಓಡೋ ಟೈಟಾನಿಯಂ ಪಟ್ಟಿಗಳಿಂದ 1/4000 ಮುಟ್ಟಿತು. ಬರೀ ಸ್ಪ್ರಿಂಗು, ಹಲ್ಲಿನ ಚಕ್ರಗಳಲ್ಲಿ! ನನಗೆ ಇವತ್ತಿಗೂ ಅಚ್ಚರಿ.

ಚಿಕ್ಕಮ್ಮ: ಅದಿರಲಿ, ಕಾರಿನ ಹಿಂದೆ ನಿಂತ ಜನ ಯಾಕೆ ಎದುರು ದಿಕ್ಕಿಗೆ ವಾಲಿದ್ದಾರೆ? ಅವರೇನು ಓಡ್ತಿಲ್ಲವಲ್ಲ.

ದೊಡ್ಡಮಾವ: ಹೌದಲ್ಲ, ನಾನು ನೋಡಿರಲೇ ಇಲ್ಲ. ವೇಗಕ್ಕೆ ಚಕ್ರ ಬಗ್ಗಬಹುದು, ಜನ ಬಗ್ಗಲ್ಲ.

ನಾನು: ಲಾರ್ಟಿಗ್ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸ್ತಿದ್ರು, ಆದರೆ ಅದರಷ್ಟು ವೇಗವಾಗಿ ಅಲ್ಲ. ಹಾಗಾಗಿ ಫ್ರೇಮಿನಲ್ಲಿ ಕಾರು ಮುಂದೆ ಸರಿಯಿತು, ನಿಂತವರು ಹಿಂದೆ ಸರಿದ್ರು. ಅವರ ಕಾಲು ಚಿತ್ರದಲ್ಲಿ ಮೊದಲು ಮೂಡಿತು, ತಲೆ ಆಮೇಲೆ.

ದೊಡ್ಡಮಾವ: ಸರಿ. ಈ ಮಾತನ್ನೇ ಕೆಳಗೆ ಬರೆದು ಚಿತ್ರ ಮತ್ತೆ ಹಾಕ್ತೀನಿ. ಲೀಫ್ ಶಟರ್ ವಿಷಯಾನೂ ಸೇರಿಸ್ತೀನಿ.