ಸಹಾಯ ಬೇಕು: 4294967297ರ ಅಪವರ್ತನದಲ್ಲಿ 64 ಎಲ್ಲಿಂದ ಬಂತು?

ಗಣಿತ ಬಲ್ಲವರು ಸ್ವಲ್ಪ ನೋಡಿ. ಹತ್ತನೇ ಕ್ಲಾಸಿನ ಮಕ್ಕಳಿಗೆ 4294967297 ಬಗ್ಗೆ ಹೇಳಬೇಕು. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ ಇದು. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯ ಅಂತಲೇ ನಂಬಿದ್ದರು. 1732ರಲ್ಲಿ ಆಯ್ಲರ್ ಒಡೆದು ತೋರಿಸಿದರು: 641 × 6700417.

641ರಿಂದ ಭಾಗವಾಗುತ್ತದೆ ಅಂತ ತೋರಿಸುವುದು ಕಷ್ಟವಿಲ್ಲ. 641 ಅಂದರೆ 5 × 128 + 1, ಹಾಗೇ 625 + 16 ಕೂಡ. ಅಂದರೆ 5ರ 4ನೇ ಘಾತ, 2ರ 4ನೇ ಘಾತ ಎರಡೂ ಅದರಲ್ಲೇ ಇವೆ. ಇವನ್ನು ಜೋಡಿಸಿದರೆ ಸಾಕು, ಉದ್ದ ಭಾಗಾಕಾರವೇ ಬೇಡ. ಎಷ್ಟು ಚೆನ್ನಾಗಿದೆ ಅಲ್ವಾ?

ನಾನು ಸಿಕ್ಕಿಕೊಂಡಿರುವುದು ಅದಕ್ಕೂ ಹಿಂದಿನ ಹೆಜ್ಜೆಯಲ್ಲಿ, ಅಂದರೆ 641 ಅನ್ನು ಹುಡುಕುವುದರಲ್ಲಿ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೂ ಶೇಷ 1 ಬರಲೇಬೇಕು. ಹಾಗಾಗಿ ಸುಮ್ನೆ 3, 7, 11 ಅಂತ ಹುಡುಕಬೇಕಿಲ್ಲ. ಹಾಗೆ ಶೇಷ 1 ಬರುವ ಅವಿಭಾಜ್ಯಗಳಾದ 193, 257, 449, 577 ನೋಡಿದರೆ ಮುಂದಿನದೇ 641. ಇದರ ಸಾಧನೆಗೆ ಫರ್ಮಾ ಅವರದೇ ಕಿರು ಪ್ರಮೇಯ (p ಅವಿಭಾಜ್ಯವಾದರೆ, pಯಿಂದ ಭಾಗವಾಗದ ಸಂಖ್ಯೆಯ p − 1ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1 ಅನ್ನುವುದು) ಬೇಕು, ಅದೇ ತಮಾಷೆ! ಆದರೆ ಮಕ್ಕಳಿಗೆ ಅದು ಗೊತ್ತಿಲ್ಲ.

ಬರೀ ಶೇಷದ ಲೆಕ್ಕದಲ್ಲಿ ಇದನ್ನು ವಿವರಿಸುವ ದಾರಿ ಇದೆಯಾ? ಪೂರ್ತಿ ಸಾಧನೆ ಆಗದಿದ್ದರೆ, ಬೋರ್ಡಿನ ಮೇಲೆ ಮಾಡಬಹುದಾದ ಚಿಕ್ಕ ಸಂಖ್ಯೆಯ ಉದಾಹರಣೆ ಕೊಟ್ಟರೂ ಸಾಕು.