ಶಾಲಾ ಸಿಬ್ಬಂದಿಯ ವೇತನ ಒಪ್ಪಂದ: ಸಹಿ ಎಲ್ಲಿ ಹಾಕಬೇಕು, ಏನು ಬರೆಸಬೇಕು (ಪ್ರಶ್ನೋತ್ತರ)

ಪ್ರಶ್ನೆ: ನಮ್ಮದು ಅನುದಾನರಹಿತ ಶಾಲೆ. ಬಸ್ ಡ್ರೈವರ್, ಆಯಾ, ಅಟೆಂಡರ್, ಗುಮಾಸ್ತರು ಸೇರಿ 64 ಜನ ಇದ್ದೇವೆ, 51 ಜನ ಸಂಘದ ಸದಸ್ಯರು. ಸಂಘ ನೋಂದಣಿ ಆಗಿದೆ. ಆಡಳಿತ ಮಂಡಳಿಯವರು "ಶೇ 8 ಏರಿಸ್ತೀವಿ, ಇಲ್ಲೇ ಆಫೀಸಲ್ಲಿ ಸಹಿ ಹಾಕಿ ಮುಗಿಸಿ" ಅಂತಿದ್ದಾರೆ. ಹಾಕಬಹುದಾ ಸರ್?

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರರು): ಶೇಕಡಾ ಎಷ್ಟು ಅನ್ನೋದು ಆಮೇಲೆ ನೋಡೋಣ. ಮೊದಲು ಸಹಿ ಎಲ್ಲಿ ಅನ್ನೋದು ತೀರ್ಮಾನ ಆಗಲಿ. ಆಫೀಸಲ್ಲೇ ಸಹಿಯಾದ ಒಪ್ಪಂದ ಸಹಿ ಮಾಡಿದ ಎರಡು ಕಡೆಯವರಿಗೆ ಮಾತ್ರ ಅನ್ವಯ. ಸಂಘದಲ್ಲಿಲ್ಲದ 13 ಜನ ಹೊರಗೆ ಉಳೀತಾರೆ. ಬರುವ ಜೂನ್‌ನಲ್ಲಿ ಹೊಸದಾಗಿ ಸೇರುವ ಆಯಾಗಳನ್ನು ಹಳೆ ಸಂಬಳಕ್ಕೇ ತಗೋಬಹುದು. ಎರಡು ವರ್ಷದಲ್ಲಿ ಅಗ್ಗದ ಸಂಬಳದವರೇ ಹೆಚ್ಚಾಗಿ, ಮುಂದಿನ ಮಾತುಕತೆಯಲ್ಲಿ ಸಂಘಕ್ಕೆ ಬಲವೇ ಇರಲ್ಲ.

ಅದೇ ಒಪ್ಪಂದ ಸಂಧಾನಾಧಿಕಾರಿಯ (ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಕಾರ್ಮಿಕ ಇಲಾಖೆ ಅಧಿಕಾರಿ) ಮುಂದೆ, ಸಂಧಾನ ನಡೆಯುತ್ತಿರುವಾಗ ಆದರೆ ಎಲ್ಲ 64 ಜನಕ್ಕೂ, ಮುಂದೆ ಸೇರುವವರಿಗೂ ಅನ್ವಯ ಆಗುತ್ತೆ. ಹಳಬರು ಇದನ್ನು "ಹನ್ನೆರಡು ಮೂರು" ಅಂತಲೂ ಆಫೀಸಿನ ಒಪ್ಪಂದವನ್ನು "ಹದಿನೆಂಟು ಒಂದು" ಅಂತಲೂ ಕರೀತಾರೆ. ಅವು 1947ರ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್‌ಗಳು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸೆಕ್ಷನ್ ಸಂಖ್ಯೆ ಬದಲಾದರೂ ಈ ವ್ಯತ್ಯಾಸ ಹಾಗೇ ಉಳಿದಿದೆ. ಹಳೆ ಅರ್ಜಿಯ ನಕಲು ಇಟ್ಟುಕೊಂಡು ಹಳೆ ಸೆಕ್ಷನ್ ಬರೀಬೇಡಿ.

ಮಾಡಬೇಕಾದ್ದು ಇಷ್ಟು. ಸರ್ವಸದಸ್ಯರ ಸಭೆ ಕರೆದು ಬೇಡಿಕೆ ಪಟ್ಟಿಗೆ ಒಪ್ಪಿಗೆ ಪಡೆಯಿರಿ. ಮಾತುಕತೆಗೆ ಹೋಗುವವರ ಹೆಸರನ್ನು ಅದೇ ನಡಾವಳಿಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಇದಿಲ್ಲದಿದ್ದರೆ "ನಿಮಗೆ ಅಧಿಕಾರ ಕೊಟ್ಟಿದ್ದು ಯಾರು" ಅನ್ನೋ ಒಂದೇ ಪ್ರಶ್ನೆಯಲ್ಲಿ ತಿಂಗಳುಗಟ್ಟಲೆ ಕಳೀತಾರೆ. ಪಟ್ಟಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇನ್ನೊಂದು ಪ್ರತಿ ಕೈಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಉತ್ತರಕ್ಕೆ 15 ದಿನ ಕೊಡಿ. ಉತ್ತರ ಬರದಿದ್ದರೆ ಅಥವಾ ಶೇ 8ಕ್ಕೇ ಪಟ್ಟು ಹಿಡಿದರೆ, ಅಷ್ಟೂ ಕಾಗದದ ನಕಲು ಸೇರಿಸಿ ಕಾರ್ಮಿಕ ಇಲಾಖೆಗೆ ವಿವಾದದ ಅರ್ಜಿ ಹಾಕಿ. ಆಡಳಿತ ಮಂಡಳಿಯವರು ನಿಜವಾಗಿ ಒಪ್ಪಿದ್ದರೂ ಅಲ್ಲಿಗೇ ಬಂದು ಸಹಿ ಮಾಡಲಿ.

ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದಕ್ಕೆ ಆರೇ ತಿಂಗಳು. ಮೂರೋ ನಾಲ್ಕೋ ವರ್ಷ ಅಂತ ಸ್ಪಷ್ಟವಾಗಿ ಬರೆಸಿ. ಅವಧಿ ಮುಗಿದ ಮಾತ್ರಕ್ಕೆ ಒಪ್ಪಂದ ಸತ್ತುಹೋಗಲ್ಲ. ಒಂದು ಕಡೆಯವರು ಬರಹದಲ್ಲಿ ನೋಟಿಸ್ ಕೊಟ್ಟು 60 ದಿನ ಆಗುವವರೆಗೂ ಜಾರಿಯಲ್ಲಿರುತ್ತೆ. ಯಾವ ತಾರೀಕಿನಿಂದ ಜಾರಿ, ಹಿಂಬಾಕಿ ಎಷ್ಟು ಕಂತು, ಕೊನೆ ಕಂತು ಯಾವಾಗ ಅನ್ನೋದೂ ಇರಲಿ. "ಈಗಿರುವ ಸೌಲಭ್ಯಗಳೆಲ್ಲ ಮುಂದುವರಿಯುತ್ತವೆ" ಅನ್ನೋ ಒಂದು ಸಾಲು ಬಿಟ್ಟುಹೋದರೆ, ಏರಿಕೆ ಕೊಟ್ಟ ಕೈಯಲ್ಲೇ ಮಕ್ಕಳ ಶುಲ್ಕ ರಿಯಾಯಿತಿ ಕಿತ್ತುಕೊಳ್ಳೋಕೆ ದಾರಿ ಆಗುತ್ತೆ.

ಪೂರಕ ಉತ್ತರ (ಪಿಎಫ್, ಇಎಸ್‌ಐ ಲೆಕ್ಕ ನೋಡುವವರು): ಶೇ 8ರ ಬಗ್ಗೆ ಒಂದು ಮಾತು. ₹12,500 ಪಡೆಯುವ ಆಯಾಗೆ ಅದು ₹1,000, ₹25,000 ಪಡೆಯುವ ಗುಮಾಸ್ತರಿಗೆ ₹2,000. ಬರೀ ಶೇಕಡಾವಾರು ಏರಿಕೆ ಕೆಳಗಿನವರಿಗೆ ಯಾವಾಗಲೂ ನಷ್ಟ. ಎಲ್ಲರಿಗೂ ಸಮನಾದ ಒಂದು ಮೊತ್ತ, ಅದರ ಮೇಲೆ ಸಣ್ಣ ಶೇಕಡಾ, ಜೊತೆಗೆ ಬೆಲೆ ಸೂಚ್ಯಂಕದ ಪ್ರತಿ ಅಂಶಕ್ಕೆ ಇಷ್ಟು ಪೈಸೆ ಅಂತ ತುಟ್ಟಿಭತ್ಯೆ ಕೇಳಿ.

ಮಾತುಕತೆಗೆ ಕೂರುವ ಮೊದಲು ಮಾಲೀಕರ ಖರ್ಚನ್ನೂ ನೀವೇ ಲೆಕ್ಕ ಹಾಕಿಕೊಂಡು ಹೋಗಿ. ₹15,000ದೊಳಗಿನ ವೇತನಕ್ಕೆ ₹1,000 ಏರಿಸಿದರೆ ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಇತರ ಶುಲ್ಕ ಸೇರಿ ₹130, ಇಎಸ್‌ಐ (ನೌಕರರ ವೈದ್ಯಕೀಯ ವಿಮೆ) ಶೇ 3.25ರಂತೆ ₹32.50, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಹೊರೆ ಸುಮಾರು ₹48. ಒಟ್ಟು ₹1,210ರ ಆಸುಪಾಸು. ಅವರು "₹1,400 ಬೀಳುತ್ತೆ" ಅಂದರೆ ಲೆಕ್ಕ ತೋರಿಸಿ ಅಂತ ಕೇಳಬಹುದು.

ಇಎಸ್‌ಐ ಮಿತಿ ₹21,000. ಏರಿಕೆಯಿಂದ ಅದನ್ನು ದಾಟುವವರಿಗೆ ಆ ವಂತಿಗೆ ಅವಧಿ (ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್) ಮುಗಿಯುವ ತನಕ ಮಾತ್ರ ವಂತಿಗೆ ಮುಂದುವರಿಯುತ್ತೆ. ₹20,400 ಇರುವ ಡ್ರೈವರಿಗೆ ₹700 ಏರಿಸಿ ಇಡೀ ಮನೆಯ ಆಸ್ಪತ್ರೆ ಸೌಲಭ್ಯ ತಪ್ಪಿಸಿದರೆ ಅದು ಏರಿಕೆಯೇ ಅಲ್ಲ. ಅಂಥವರ ಪಟ್ಟಿ ಮಾಡಿ, ಬದಲಿಗೆ ಆರೋಗ್ಯ ವಿಮೆ ಬರೆಸಿ.

ಪ್ರಶ್ನೆ: ನಮ್ಮ ಶಾಲೆ ನಡೆಸೋದು ಒಂದು ಟ್ರಸ್ಟ್. "ನಮಗೆ ಕಾರ್ಮಿಕ ಕಾನೂನೇ ಅನ್ವಯಿಸಲ್ಲ" ಅಂತಾರೆ.

ಉತ್ತರ: 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳನ್ನೂ "ಉದ್ಯಮ"ದೊಳಗೆ, ಅಂದರೆ ಕೈಗಾರಿಕಾ ವಿವಾದ ಕಾನೂನಿನ ವ್ಯಾಪ್ತಿಯೊಳಗೆ, ಸೇರಿಸಿತ್ತು. ಹೊಸ ಸಂಹಿತೆಯ ವ್ಯಾಖ್ಯೆಯೋ, ಪೂರ್ತಿಯಾಗಿ ಅಥವಾ ಬಹುಪಾಲು ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು ಹೊರಗಿಡುತ್ತೆ. ಅವರ ವಕೀಲರು ಎತ್ತೋ ಮೊದಲ ತಕರಾರು ಇದೇ. ಟ್ರಸ್ಟ್ ಅನ್ನೋ ಹೆಸರೊಂದೇ ಸಾಲದು, ನಡೆಸೋದು ಹೇಗೆ ಅನ್ನೋದು ಮುಖ್ಯ ಅಂತ ನೀವು ವಾದಿಸಬೇಕು. ಶುಲ್ಕದ ರಸೀದಿ, ಶುಲ್ಕಪಟ್ಟಿ, ಪ್ರವೇಶದ ಜಾಹೀರಾತು, ಬಸ್ ಶುಲ್ಕದ ಸುತ್ತೋಲೆ ಇವನ್ನೆಲ್ಲ ಈಗಲೇ ಕೂಡಿಡಿ.

ಪ್ರಶ್ನೆ: ಶಿಕ್ಷಕಿಯರೂ ಈ ಒಪ್ಪಂದಕ್ಕೆ ಸೇರಬಹುದಾ ಸರ್? ನಮ್ಮ ಸಂಬಳ ಡ್ರೈವರ್‌ಗಿಂತ ಕಡಿಮೆ.

ಉತ್ತರ: ಮೇಡಂ, ನೋವಿನ ಸಂಗತಿ ಅಂದರೆ ಶಿಕ್ಷಕರು "ಕಾರ್ಮಿಕ"ರಲ್ಲ ಅಂತ 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆ ಉದ್ಯಮ ಆದರೂ ಪಾಠ ಹೇಳೋದು ಆ ವ್ಯಾಖ್ಯೆಯ ಕೆಲಸ ಅಲ್ಲ ಅನ್ನೋದು ತರ್ಕ. ಹೊಸ ಸಂಹಿತೆಯೂ ಶಿಕ್ಷಕರ ಹೆಸರು ಸೇರಿಸಿಲ್ಲ. ಸಂಧಾನದ ಒಪ್ಪಂದದಲ್ಲಿ ನಿಮ್ಮ ಹೆಸರು ಹಾಕಿದರೆ ಇಡೀ ಒಪ್ಪಂದದ ಮೇಲೇ ತಕರಾರು ಏಳುತ್ತೆ.

ನೀವು ಸಂಘ ಕಟ್ಟಿಕೊಂಡು ಪ್ರತ್ಯೇಕವಾಗಿ ಮಾತಾಡಿ. ಒಪ್ಪಿದ್ದನ್ನು ಬರೀ ಸಭೆಯ ನಡಾವಳಿಯಲ್ಲಿ ಬಿಡದೆ, ಸಂಸ್ಥೆಯ ಸೇವಾ ನಿಯಮಗಳಿಗೆ ತಿದ್ದುಪಡಿಯಾಗಿ ಮತ್ತು ಪ್ರತಿಯೊಬ್ಬರಿಗೂ ಪರಿಷ್ಕೃತ ನೇಮಕಾತಿ ಆದೇಶವಾಗಿ ಪಡೆಯಿರಿ. ಮುಂದೆ ಹಕ್ಕು ಸಾಧಿಸೋಕೆ ಕೈಯಲ್ಲಿರೋದು ಅದೇ ಕಾಗದ. ಸಂಘ ಕಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ. ಗ್ರಾಚ್ಯುಟಿಯಂತೂ ನಿಮಗೆ ಇದ್ದೇ ಇದೆ. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಕೊಟ್ಟಿತು, 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದನ್ನು ಚೌಕಾಸಿಗೆ ಇಡಬೇಡಿ.

ಪ್ರಶ್ನೆ: ಮುಷ್ಕರ ಅನ್ನದೆ ಎಲ್ಲರೂ ಒಂದೇ ದಿನ ರಜೆ ಹಾಕಿದರೆ?

ಉತ್ತರ: ಸಿಕ್ಕಿಹಾಕಿಕೊಳ್ತೀರಿ. ಶೇ 50 ಅಥವಾ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೆ ಸಂಹಿತೆ ಅದನ್ನೂ ಮುಷ್ಕರ ಅನ್ನುತ್ತೆ. ಮುಷ್ಕರಕ್ಕೆ ಮೊದಲು ನೋಟಿಸ್ ಬೇಕು. ನೋಟಿಸ್ ಕೊಟ್ಟು 14 ದಿನ ಕಾಯಬೇಕು, 60 ದಿನದೊಳಗೆ ಮಾಡಬೇಕು. ಸಂಧಾನ ನಡೀತಿರುವಾಗ ಮತ್ತು ಮುಗಿದ 7 ದಿನದವರೆಗೆ ಮಾಡುವ ಹಾಗಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕ. ನಮಗೆ ಯಾಕೆ ಇಂಥ ಒಪ್ಪಂದ ಇಲ್ಲ?

ಉತ್ತರ: ನಿಮ್ಮ ವೇತನ ನಿಯಮದಿಂದ ನಿಗದಿ ಆಗುತ್ತೆ, ಒಪ್ಪಂದದಿಂದ ಅಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ 2003ರ ರಂಗರಾಜನ್ ತೀರ್ಪು ಹೇಳಿದೆ. ಆದರೂ ಒತ್ತಡಕ್ಕೆ ಬೆಲೆ ಇದೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಹೋಗದೆ ಕೂತಾಗ ಶೇ 17 ಮಧ್ಯಂತರ ಪರಿಹಾರ (ಆಯೋಗದ ವರದಿ ಬರುವ ತನಕದ ತಾತ್ಕಾಲಿಕ ಏರಿಕೆ) ಅದೇ ದಿನ ಬಂತು. ರಾಜ್ಯದ ಏಳನೇ ವೇತನ ಆಯೋಗ ಶೇ 27.5 ಫಿಟ್‌ಮೆಂಟ್ (ಹೊಸ ವೇತನ ನಿಗದಿಗೆ ಸೇರಿಸುವ ಏರಿಕೆ) ಶಿಫಾರಸು ಮಾಡಿತು, 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ ₹17,000ದಿಂದ ₹27,000 ಆಯಿತು. ನಿಮ್ಮ ಪಾಲಿನ ಮಾತುಕತೆ ನಡೆಯೋದು ಆಯೋಗದ ಮುಂದೆ. ಆಯೋಗ ಪ್ರಶ್ನಾವಳಿ ಹೊರಡಿಸಿದಾಗ ನಿಮ್ಮ ವೃಂದದ ಸಂಘ ವೇತನ ಶ್ರೇಣಿಯ ತಾರತಮ್ಯವನ್ನು ಪಕ್ಕದ ವೃಂದದ ಜೊತೆ ಹೋಲಿಸಿ, ಅಂಕಿ ಸಮೇತ ಬರಹದಲ್ಲಿ ಕೊಡಬೇಕು. ವರದಿ ಬಂದ ಮೇಲೆ ಕೊಡುವ ಮನವಿ ತೂಕ ಕಳೆದುಕೊಂಡಿರುತ್ತೆ.